ವೀಸಾ ಬೇಡದ ಊರಿಗೆ ಬಾಣಂತನಕ್ಕೆ

ಆರ್.ಟಿ. ನಗರದ ಒಂದು ಪ್ರವಾಸಿ ಕಚೇರಿಯಲ್ಲಿ ನಾನು ಟಿಕೆಟ್ ಮಾಡುವ ಕೆಲಸದಲ್ಲಿದ್ದೆ. ಕೊನೆಯ ವರ್ಷಗಳಲ್ಲಿ ಗುಂಪುಗಳನ್ನು ಕರೆದುಕೊಂಡು ಹೊರದೇಶಗಳಿಗೂ ಹೋಗಿಬರುತ್ತಿದ್ದೆ. ಈಗ ನಿವೃತ್ತಿಯಾಗಿದೆ. ನನ್ನ ಕುರ್ಚಿಗೆ ಬಂದ ಹುಡುಗಿ ಮೊನ್ನೆ ಫೋನ್ ಮಾಡಿ, "ಮೇಡಮ್, ವೀಸಾ ಬೇಡದ ದೇಶ ಅಂದ್ರೆ ಟಿಕೆಟ್ ಕೊಟ್ಟು ಕಳ್ಸಿಬಿಡೋದಲ್ವಾ? ಅದ್ರಲ್ಲಿ ಕಲಿಯೋಕೆ ಏನಿದೆ?" ಎಂದು ಕೇಳಿದಳು. ಬರೆದು ಕಳಿಸ್ತೀನಿ ಎಂದು ಫೋನಿಟ್ಟೆ. ಕೌಲಾಲಂಪುರದ ವಿಮಾನ ನಿಲ್ದಾಣದ ಒಂದು ಸಣ್ಣ ಕೋಣೆ, ಅಲ್ಲಿನ ಮೇಜಿನ ಮೇಲೆ ಮುಚ್ಚಳ ತೆಗೆದಿಟ್ಟ ಅಂಟಿನುಂಡೆಯ ಡಬ್ಬಿ ನೆನಪಾದವು. ಅದಕ್ಕೇ ಬರೆಯಲು ಕುಳಿತಿದ್ದೇನೆ. ನಾನು ಕಣ್ಣಾರೆ ಕಂಡದ್ದು ಯಾವುದು, ಬೇರೆಯವರಿಂದ ಕೇಳಿದ್ದು ಯಾವುದು ಎಂಬುದನ್ನು ಬೇರೆ ಮಾಡಿಯೇ ಹೇಳುತ್ತೇನೆ.

ಮೊದಲು ಕಚೇರಿಯ ಯಜಮಾನರ ವಿಷಯ. ಜಬ್ಬಾರ್ ಸಾಹೇಬರು ಎಂದರೆ ಆ ರಸ್ತೆಯ ಹಣ್ಣಿನ ಗಾಡಿಯವರಿಂದ ಹಿಡಿದು ಎಲ್ಲರಿಗೂ ಗೊತ್ತು. ಮನೆಯಲ್ಲಿ ದಖನಿ ಉರ್ದು, ಕಚೇರಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಮಲೇಷ್ಯಾದವರು ಪ್ರವಾಸಕ್ಕೆ ಬರುವ ನಮ್ಮವರಿಗೆ ಮೂವತ್ತು ದಿನದವರೆಗೆ ವೀಸಾ ಬೇಡ ಎಂದಾಗ ಸಾಹೇಬರು ಖುಷಿಯಿಂದ ಬಾಗಿಲಿಗೆ ದೊಡ್ಡ ಬೋರ್ಡು ತೂಗುಹಾಕಿಸಿದರು: 'ವೀಸಾ ಫ್ರೀ'. ಮಾರನೆಯ ದಿನದಿಂದ ಜನ ಬಂದದ್ದೇನೋ ಬಂದರು. ಆದರೆ ಕೇಳುತ್ತಿದ್ದ ಪ್ರಶ್ನೆ ಬೇರೆ.

"ಸಾಹೇಬ್ರೇ, ಏನ್ ಕೆಲಸ? ಊಟ ರೂಮು ಅವ್ರೇ ಕೊಡ್ತಾರಾ?"

ನಮ್ಮ ಬೀದಿಯಲ್ಲಿ ಮನೆಗೊಬ್ಬರು ಕೊಲ್ಲಿ ದೇಶಗಳಲ್ಲಿ ದುಡಿದು ಬಂದವರು. ಅವರ ಬಾಯಲ್ಲಿ 'ಫ್ರೀ ವೀಸಾ' ಎಂದರೆ ಅಲ್ಲಿಗೆ ಹೋಗಿ ಯಾರ ಬಳಿ ಬೇಕಾದರೂ ಕೆಲಸ ಹುಡುಕಿಕೊಳ್ಳುವ ವೀಸಾ. ಬೋರ್ಡಿನಲ್ಲಿ ಮಾತು ಹಿಂದುಮುಂದಾಗಿದ್ದರೂ ಅವರು ಅದನ್ನೇ ಓದಿಕೊಂಡರು. ಒಂದು ವಾರ ಎಲ್ಲರಿಗೂ ವಿವರಿಸಿ ಗಂಟಲು ಕಟ್ಟಿಸಿಕೊಂಡ ಮೇಲೆ ಸಾಹೇಬರು ಬೋರ್ಡು ಇಳಿಸಿ ಹೊಸದು ಬರೆಸಿದರು: 'ವೀಸಾ ಬೇಡ. ಕೆಲಸವೂ ಸಿಗಲ್ಲ. ನೋಡಿಕೊಂಡು ವಾಪಸ್ ಬನ್ನಿ.' ಅಷ್ಟು ಪ್ರಾಮಾಣಿಕ ಜಾಹೀರಾತನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೆಲಸಕ್ಕೆ ಹೊಸದಾಗಿ ಬರುವವರು ಇದನ್ನು ಮೊದಲು ತಿಳಿಯಬೇಕು. ವೀಸಾ ಬೇಡ ಎಂದರೆ ಮುಂಚೆಯೇ ಅರ್ಜಿ ಹಾಕುವುದು ಬೇಡ ಎಂದಷ್ಟೇ. ವಿಚಾರಣೆ ತಪ್ಪಿತೆಂದಲ್ಲ. ಅರ್ಜಿಯ ಕಿಟಕಿಯಲ್ಲಿ ಆಗಬೇಕಾದದ್ದು ಅಲ್ಲಿ ಇಳಿದ ಮೇಲೆ, ನಿಂತ ಕಾಲಿನಲ್ಲಿ, ಬಾರದ ಭಾಷೆಯಲ್ಲಿ ಆಗುತ್ತದೆ. ಒಳಗೆ ಬಿಡುವುದೂ ಬಿಡದಿರುವುದೂ ಅಲ್ಲಿ ಕುಳಿತ ಅಧಿಕಾರಿಯ ಇಷ್ಟ.

ಎರಡನೆಯ ಪಾಠ ಪಾಸ್‌ಪೋರ್ಟಿನದು. ಅದನ್ನು ಸಾಹೇಬರೇ ಸ್ವಂತ ಖರ್ಚಿನಲ್ಲಿ ಕಲಿಸಿದರು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಾದರೂ ಆಯಸ್ಸು ಇರಬೇಕೆಂದು ಬಂದವರಿಗೆಲ್ಲ ಹೇಳುತ್ತಿದ್ದವರು ಅವರೇ. ಒಮ್ಮೆ ತಾವೇ ಹೊಸ ಸೂಟ್‌ಕೇಸು ಹಿಡಿದು, ಹೆಬ್ಬಾಳದಲ್ಲಿ ಬಸ್ಸು ಹತ್ತಿ, ಥಾಯ್ಲೆಂಡಿಗೆಂದು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋದರು. ಮಧ್ಯಾಹ್ನದ ಊಟದ ಹೊತ್ತಿಗೆ ಅದೇ ಸೂಟ್‌ಕೇಸು ಉರುಳಿಸಿಕೊಂಡು ಕಚೇರಿಯೊಳಗೆ ಬಂದು ಕುಳಿತರು. ಅವರ ಪಾಸ್‌ಪೋರ್ಟಿಗೆ ಆರು ತಿಂಗಳು ಉಳಿದಿರಲಿಲ್ಲ. ಚೆಕ್-ಇನ್ ಕೌಂಟರಿನಿಂದಲೇ ವಾಪಸ್ಸು ಕಳುಹಿಸಿದ್ದರು. ನಾವು ಯಾರೂ ತಲೆ ಎತ್ತಲಿಲ್ಲ.

"ಯಾರಾದ್ರೂ ಏನಾದ್ರೂ ಅನ್ನಿ ಸುಮಿತ್ರಮ್ಮಾ," ಎಂದರು. "ನೀವು ಸುಮ್ನಿದ್ರೆ ಮನೇಲಿ ಬೇಗಂ ಒಬ್ಬಳೇ ಎಲ್ಲಾ ಅನ್ಬೇಕಾಗತ್ತೆ."

ಅಂದಿನಿಂದ ಬಂದವರ ಪಾಸ್‌ಪೋರ್ಟನ್ನು ಮೊದಲು ಹಿಂದಿನ ಪುಟದಿಂದ, ಆಮೇಲೆ ಮುಂದಿನ ಪುಟದಿಂದ, ಕೊನೆಗೊಮ್ಮೆ ಕನ್ನಡಕ ಒರೆಸಿಕೊಂಡು ನೋಡುತ್ತಿದ್ದರು.

ನೀಲಮ್ಮ ಬಂದದ್ದು ಇದಾದ ಮೇಲೆ. ಮೂಲ ಗದಗಿನ ಕಡೆಯವರು, ನಮ್ಮೂರಲ್ಲೇ ಇರುವ ಸಿಂಗಾಪುರ ಎಂಬ ಬಡಾವಣೆಯಲ್ಲಿ ಒಂದು ಮನೆ, ಯಲಹಂಕದ ಹತ್ತಿರ ಕಾಲೇಜೊಂದರ ಹಾಸ್ಟೆಲಿನಲ್ಲಿ ಅಡುಗೆ. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ರೇಣುಕಾ, ಅಳಿಯ ಕೌಲಾಲಂಪುರದ ಒಂದು ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುವವನು. ಬಾಗಿಲಿನ ಬೋರ್ಡು ಪೂರ್ತಿ ಓದಿಕೊಂಡು ಒಳಗೆ ಬಂದು, ನನ್ನ ಮುಂದೆ ನಿಂತರು.

"ಅಕ್ಕಾರ, ನಾ ಸಿಂಗಾಪುರದಾಕಿ. ಮಲೇಷ್ಯಾಕ್ಕ ಹೋಗಬೇಕ್ರಿ."

ಅದನ್ನು ಕೇಳಿ ಸಾಹೇಬರಿಗೆ ಗೊಂದಲವಾಯಿತು. "ಸಿಂಗಾಪುರದಿಂದಾನೇ ಹೋಗ್ಬಹುದಲ್ಲಮ್ಮಾ, ಬಸ್ಸಿದೆ," ಎಂದುಬಿಟ್ಟರು.

"ಯಾವ ನಂಬರಿನ ಬಸ್ರೀ?" ಎಂದು ನೀಲಮ್ಮ ನಿಜವಾಗಿಯೂ ಕೇಳಿದರು.

ಊರು ಯಾವುದೆಂಬುದು ಬಗೆಹರಿದು ನಾವು ಮೂವರೂ ನಕ್ಕ ಮೇಲೆ ಅವರು ವಿಷಯ ಹೇಳಿದರು. ರೇಣುಕಾ ತುಂಬು ಗರ್ಭಿಣಿ. ಹಿಂದಿನದು ಐದು ತಿಂಗಳಿಗೇ ಹೋಗಿತ್ತು. ಈ ಸಲ ಹಾಸಿಗೆಯಿಂದ ಏಳಬೇಡ, ವಿಮಾನ ಹತ್ತಬೇಡ ಎಂದು ಅಲ್ಲಿನ ಡಾಕ್ಟರು ಹೇಳಿದ್ದರು. ಅತ್ತೆ ಇಲ್ಲ, ಅಕ್ಕತಂಗಿಯರಿಲ್ಲ. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕು.

"ಮಗಳು ತವರಿಗೆ ಬರಾಕ ಆಗದಿದ್ರ ತವರು ಆಕಿ ಹಂತೇಕ ಹೋಗಬೇಕಲ್ರಿ," ಎಂದರು ನೀಲಮ್ಮ. "ಬಾಣಂತನ ಮಾಡಾಕಿ ನಾನು. ಮೂರು ತಿಂಗಳು."

ನಾನು ಮೂವತ್ತು ದಿನದ ನಿಯಮ ಹೇಳಿದೆ. ಅವರು ನಂಬಲಿಲ್ಲ. ನಮ್ಮ ಕಡೆ ಮೂರು ತಿಂಗಳು, ಇನ್ನು ಕೆಲವರು ಐದು ತಿಂಗಳು ಮಾಡುತ್ತಾರೆ, ಅದು ಹೇಗೆ ಒಂದು ತಿಂಗಳಲ್ಲಿ ಮುಗಿಯುತ್ತದೆ ಎಂದರು. ಸಾಹೇಬರು ಮೆತ್ತಗೆ, "ನಮ್ಮಲ್ಲೂ ಚಿಲ್ಲಾ ಅಂತ ನಲವತ್ತು ದಿನ ಇದೆಯಮ್ಮಾ. ಅವ್ರ ರೂಲು ಬಾಣಂತಿನ ನೋಡಿ ಮಾಡಿದ್ದಲ್ಲ, ಬಂದು ಫೋಟೋ ತೆಕ್ಕೊಂಡು ಹೋಗೋರನ್ನ ನೋಡಿ ಮಾಡಿರೋದು," ಎಂದರು. ಹೆಚ್ಚು ದಿನ ಇರಬೇಕಾದರೆ ಬೇರೆ ಅನುಮತಿಗೆ ಮೊದಲೇ ಕೇಳಬೇಕು. ಅದಕ್ಕೆ ಸಮಯವಿರಲಿಲ್ಲ. ಹೆರಿಗೆಗೆ ಉಳಿದಿದ್ದುದು ಕೆಲವೇ ವಾರ. ನೀಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ ಬಹಳ ಹೊತ್ತು ಕುಳಿತಿದ್ದರು. ಕೊನೆಗೆ, "ಹೆರಿಗಿ ಹೊತ್ತಿಗರ ಇರ್ತೀನಲ್ರಿ, ಮಾಡ್ರಿ ಟಿಕೀಟು," ಎಂದರು.

ನಮ್ಮ ಗುಂಪು ಅದೇ ಊರಿಗೆ ಹೊರಡುವುದಿತ್ತು. ಅವರನ್ನೂ ಅದೇ ವಿಮಾನದಲ್ಲಿ ಸೇರಿಸಿದೆ. ಮೂವತ್ತು ದಿನ ಮುಗಿಯುವ ಎರಡು ದಿನ ಮೊದಲೇ ವಾಪಸ್ಸು ಬರುವ ಟಿಕೆಟ್. ಹೊಸಬರಿಗೆ ಹೇಳುತ್ತೇನೆ, ಕೊನೆಯ ದಿನಕ್ಕೆ ಎಂದೂ ಟಿಕೆಟ್ ಮಾಡಬೇಡಿ. ವಿಮಾನ ತಡವಾದರೆ ದಿನ ಮೀರಿದ ತಪ್ಪು ಪ್ರಯಾಣಿಕರದು, ವಿಮಾನದವರದಲ್ಲ.

ಅವರ ಪಾಸ್‌ಪೋರ್ಟಿನಲ್ಲಿ ಹೆಸರು ಬರೀ ನೀಲಮ್ಮ. ಮನೆತನದ ಹೆಸರಿನ ಜಾಗ ಖಾಲಿ. ನಮ್ಮ ಜನರಲ್ಲಿ ಇದು ತುಂಬ ಸಾಮಾನ್ಯ. ಕಂಪ್ಯೂಟರಿಗೆ ಇದು ಅರ್ಥವಾಗುವುದಿಲ್ಲ. ಒಂದೊಂದು ವಿಮಾನ ಸಂಸ್ಥೆಯದು ಒಂದೊಂದು ಪದ್ಧತಿ, ಕೇಳಿಕೊಂಡೇ ತುಂಬಬೇಕು. ಈ ಸಂಸ್ಥೆಯವರು ಹೆಸರನ್ನೇ ಎರಡು ಸಲ ಬರೆಯಲು ಹೇಳಿದರು. ಟಿಕೆಟ್ ಕೈಗೆ ಕೊಟ್ಟಾಗ ನೀಲಮ್ಮ ಓದಿ ಗಾಬರಿಯಾದರು.

"ನೀಲಮ್ಮ ನೀಲಮ್ಮ ಅಂತ ಐತಲ್ರಿ. ಎರಡು ಸೀಟು ಹಿಡದೀರೇನು?"

"ಒಂದೇ ಸೀಟು," ಎಂದೆ.

"ಮತ್ತ ಇನ್ನೊಬ್ಬಾಕಿ ಎಲ್ಲಿ ಕುಂಡರ್ತಾಳು?" ಎಂದು ನಕ್ಕರು. ಆಮೇಲೆ ಸಾಹೇಬರು ಅವರನ್ನು ಕಂಡಾಗಲೆಲ್ಲ, "ಇಬ್ಬರೂ ಬಂದ್ರಾ?" ಎಂದೇ ಕೇಳುತ್ತಿದ್ದರು.

ಹಿಂದೆಲ್ಲ ಆಗಮನ ಚೀಟಿಯನ್ನು ವಿಮಾನದೊಳಗೇ ಕೊಡುತ್ತಿದ್ದರು. ಗುಂಪು ಕರೆದೊಯ್ಯುವಾಗ ನನ್ನ ಚೀಲದ ತುಂಬ ಪೆನ್ನು. ಎಲ್ಲರ ಚೀಟಿಯನ್ನೂ ಮಡಿಲ ಮೇಲಿಟ್ಟುಕೊಂಡು ಬರೆದು ಬರೆದು ಬೆರಳು ಮರಗಟ್ಟುತ್ತಿತ್ತು. ಈಗ ಅದೆಲ್ಲ ಫೋನಿನಲ್ಲಿ. ಮಲೇಷ್ಯಾಕ್ಕಾದರೆ ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಬಹಳ ಮುಂಚೆ ತುಂಬಲು ಹೋದರೆ ತೆಗೆದುಕೊಳ್ಳುವುದಿಲ್ಲ. ನೀಲಮ್ಮನದನ್ನು ನಾನೇ ತುಂಬಿದೆ. ಉಳಿಯುವ ವಿಳಾಸ ಮಗಳ ಮನೆ. ಮಗಳ ಪಾಸ್‌ಪೋರ್ಟಿನ ಮೊದಲ ಪುಟ, ಕೊನೆಯ ಪುಟ, ಅಳಿಯನ ಕೆಲಸದ ಪರವಾನಗಿ, ಎಲ್ಲದರ ಪ್ರತಿ ತರಿಸಿಕೊಂಡು ಕೈಚೀಲದಲ್ಲಿಡಲು ಹೇಳಿದೆ. ಸಾಮಾನಿನ ಪೆಟ್ಟಿಗೆಯಲ್ಲಲ್ಲ, ಕೈಚೀಲದಲ್ಲಿ. ಪೆಟ್ಟಿಗೆ ಸಿಗುವುದು ವಿಚಾರಣೆ ದಾಟಿದ ಮೇಲೆ.

ಕೆಲವು ಕಚೇರಿಯವರು ಪ್ರಯಾಣಿಕರಿಗೆ ಒಂದೇ ಮಾತು ಉರು ಹೊಡೆಸಿ ಕಳುಹಿಸುತ್ತಾರೆ, ಏನೇ ಕೇಳಿದರೂ 'ಟೂರಿಸ್ಟ್' ಎನ್ನಿ ಎಂದು. ಸಾಹೇಬರಿಗೆ ಅದು ಆಗದು. "ಸುಳ್ಳು ಹೇಳ್ಕೊಟ್ರೆ ಮುಂದಿನ ಪ್ರಶ್ನೆಗೂ ನಾವೇ ಹೇಳ್ಕೊಡ್ಬೇಕು. ಅಲ್ಲಿ ನಾವಿರ್ತೀವಾ?" ಎನ್ನುತ್ತಿದ್ದರು. ನೀಲಮ್ಮನಿಗೆ ನಾನು ಕಲಿಸಿದ್ದು ಎರಡೇ ಇಂಗ್ಲಿಷ್ ಪದ, ಮಗಳಿಗೊಂದು, ಭೇಟಿಗೊಂದು. ಹಾಸ್ಟೆಲಿನ ಹುಡುಗಿಯರ ಮುಂದೆ ದಿನವೂ ಹೇಳಿ ರೂಢಿ ಮಾಡಿಕೊಂಡಿದ್ದರು.

ಹೊರಡುವ ದಿನ ದೇವನಹಳ್ಳಿಯಲ್ಲಿ ನಮ್ಮ ಅಧಿಕಾರಿ ಅವರ ಪಾಸ್‌ಪೋರ್ಟ್ ತಿರುವಿ, "ಒಬ್ರೇನಾ? ಯಾಕಮ್ಮಾ ಹೋಗ್ತಿರೋದು?" ಎಂದರು.

"ಮಗಳ ಬಾಣಂತನಕ್ಕರಿ."

"ಓಹೋ. ಒಳ್ಳೇದಾಗ್ಲಿ, ಹೋಗ್ಬನ್ನಿ," ಎಂದು ಮುದ್ರೆ ಒತ್ತಿದರು. ನಾನು ಹಿಂದೆಯೇ ನಿಂತಿದ್ದೆ. ಆ ಒಂದು ಪದಕ್ಕೆ ಬಾಗಿಲು ತೆರೆದದ್ದನ್ನು ನೋಡಿದೆ. ಅದೇ ಪದ ಮುಂದಿನ ಬಾಗಿಲನ್ನು ಮುಚ್ಚೀತೆಂದು ನನಗೆ ಹೊಳೆಯಲಿಲ್ಲ.

ಕೌಲಾಲಂಪುರದಲ್ಲಿ ಸಾಲುಗಳು ಉದ್ದವಿದ್ದವು. ನಮ್ಮ ಗುಂಪನ್ನು ಒಂದು ಸಾಲಿಗೆ ಕಳುಹಿಸಿದರು, ನೀಲಮ್ಮ ಪಕ್ಕದ ಸಾಲಿಗೆ ಬಿದ್ದರು. ಅವರ ಹಿಂದೆ ನಮ್ಮ ಗುಂಪಿನವರೇ ಆದ ಪ್ರಭಾಕರ ಎಂಬವರಿದ್ದರು. ಯಶವಂತಪುರದಲ್ಲಿ ಬಟ್ಟೆ ಅಂಗಡಿ, ಯಾರಿಗಾದರೂ ನೆರವಾಗುವುದೆಂದರೆ ಪ್ರಾಣ. ಕೌಂಟರಿನಲ್ಲಿ ನಡೆದದ್ದನ್ನು ನಾನು ಕೇಳಲಿಲ್ಲ, ಪ್ರಭಾಕರ ಆಮೇಲೆ ಹೇಳಿದ್ದು ಇದು: ಅಧಿಕಾರಿ ಏನೋ ಕೇಳಿದಾಗ ನೀಲಮ್ಮನಿಗೆ ಕಲಿತ ಪದಗಳು ಮರೆತುಹೋದವು. 'ಬಾಣಂತನ, ಬಾಣಂತನ' ಎಂದರು. ಪ್ರಭಾಕರ ಮುಂದೆ ಬಂದು ಇಂಗ್ಲಿಷಿನಲ್ಲಿ ವಿವರಿಸಿದರು. ಹೆರಿಗೆಯಾದವರನ್ನು, ಮಗುವನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದಿದ್ದಾರೆ, ಮೂರು ತಿಂಗಳ ಕೆಲಸ.

ನಾನು ಕಂಡದ್ದು ಇಷ್ಟು. ಅಧಿಕಾರಿ ಎದ್ದು ನಿಂತದ್ದು, ನೀಲಮ್ಮನನ್ನು ಪಕ್ಕಕ್ಕೆ ಕರೆದದ್ದು, ಅವರು ತಿರುಗಿ ನನ್ನನ್ನು ಹುಡುಕಿದ್ದು.

"ಮೇಡಮ್, ನಾನ್ ಸರಿಯಾಗೇ ಹೇಳ್ದೆ ಕಣ್ರೀ," ಎನ್ನುತ್ತ ಪ್ರಭಾಕರ ನನ್ನ ಬಳಿ ಓಡಿಬಂದರು. "ಬಾಣಂತನಕ್ಕೆ ಇಂಗ್ಲಿಷಲ್ಲಿ ಇನ್ನೇನ್ ಅಂತಾರೆ?"

ನನಗೂ ಗೊತ್ತಿರಲಿಲ್ಲ. ಆ ದೇಶದಲ್ಲಿ ಬಾಣಂತಿಯನ್ನು ನೋಡಿಕೊಳ್ಳಲು ಸಂಬಳಕ್ಕೆ ಹೆಂಗಸರನ್ನಿಡುವ ರೂಢಿಯಿದೆ, ಆ ಕೆಲಸಕ್ಕೆ ಹೊರಗಿನಿಂದಲೂ ಬರುತ್ತಾರೆ ಎಂಬುದು ನನಗೆ ತಿಳಿದದ್ದೂ ಆಮೇಲೆ. ಅಧಿಕಾರಿಗೆ ಅನುಮಾನ ಬಂದದ್ದರಲ್ಲಿ ತಪ್ಪೇನಿರಲಿಲ್ಲ.

ಗುಂಪನ್ನು ಬಸ್ಸಿನವರಿಗೆ ಒಪ್ಪಿಸುವಂತೆ ಪ್ರಭಾಕರರಿಗೆ ಹೇಳಿ, ಕೇಳಿ ಬೇಡಿ ನಾನು ಆ ಕೋಣೆಗೆ ಹೋದೆ. ಒಳಗಿದ್ದವರು ತಲೆಗೆ ವಸ್ತ್ರ ಕಟ್ಟಿದ್ದ, ನನ್ನಷ್ಟೇ ವಯಸ್ಸಿನ ಮಹಿಳಾ ಅಧಿಕಾರಿ. ನೀಲಮ್ಮನ ಕೈಚೀಲ ಬಿಚ್ಚಿದ್ದರು. ಅಂಟಿನುಂಡೆ ಡಬ್ಬಿ, ಓಮ, ಸಬ್ಬಸಿಗೆ ಬೀಜ, ಬಜೆ ಬೇರು, ಹೆಸರು ಬರೆಯದ ಮೂರು ಪೊಟ್ಟಣ ಪುಡಿ, ಹತ್ತಿಯ ಹಳೆಯ ಸೀರೆ. ಪೊಟ್ಟಣಗಳ ಮೇಲೆ ಹೆಸರು ಬರೆಯಿರಿ, ಸಾಮಾನಿನ ಪೆಟ್ಟಿಗೆಯಲ್ಲಿಡಿ ಎಂದು ನಾನು ಹೇಳಿದ್ದೆ. ಪರರ ಕಣ್ಣಿಗೆ, ಕೈಗೆ ಬಿದ್ದರೆ ದೃಷ್ಟಿಯಾಗುತ್ತದೆಂದು ನೀಲಮ್ಮ ಎರಡನ್ನೂ ಮಾಡಿರಲಿಲ್ಲ.

ಅಧಿಕಾರಿ ನನಗೆ ಮೊದಲೇ ಹೇಳಿದರು: ಆಕೆ ಹೇಳಿದ್ದನ್ನು ಮಾತ್ರ ಹೇಳಿ. ನಿಮ್ಮದೇನೂ ಸೇರಿಸಬೇಡಿ. ನಾನು ಒಪ್ಪಿದೆ. ನಾನು ಒಂದು ಪದ ಹೆಚ್ಚು ಹೇಳಿದರೂ ಕಡಿಮೆ ಹೇಳಿದರೂ ಈ ಹೆಂಗಸು ಅದೇ ವಿಮಾನದಲ್ಲಿ ವಾಪಸ್ಸು. ಅಲ್ಲಿ ಮಗಳು ಒಬ್ಬಳೇ ಹೆರಬೇಕು.

ಎಷ್ಟು ದಿನ ಇರುತ್ತಾರೆ ಎಂದು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

"ಬಾಣಂತನ ಮೂರು ತಿಂಗಳದ್ರಿ ಅಕ್ಕಾರ. ನಿಮಗ ಗೊತ್ತಿಲ್ಲೇನು?"

ಬಾಣಂತನ ಮೂರು ತಿಂಗಳದು ಎನ್ನುತ್ತಾರೆ, ಎಂದೆ. ಹಾಗಾದರೆ ಟಿಕೆಟ್ ಸುಳ್ಳು, ಮೂರು ತಿಂಗಳು ಇರಲು ಬಂದಿದ್ದಾರೆ, ಎಂದರು ಅಧಿಕಾರಿ. ಹಾಗೆಂದು ಅವರು ಹೇಳಲಿಲ್ಲ ಎಂದೆ. ಇನ್ನೊಮ್ಮೆ ಕೇಳಿ ಎಂದರು.

"ನೀಲಮ್ಮ, ಬಾಣಂತನ ಎಷ್ಟು ದಿನ ಅಂತಲ್ಲ. ನೀವು ಈ ಊರಲ್ಲಿ ಎಷ್ಟು ದಿನ ಇರ್ತೀರಿ?"

ಅವರು ಮತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು. ಅದನ್ನು ಅಧಿಕಾರಿಯೂ ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ. ನೀಲಮ್ಮನ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ಮಗಳನ್ನು ಅರ್ಧಕ್ಕೆ ಬಿಟ್ಟು ಬರುವುದನ್ನು ಅಲ್ಲಿಯತನಕ ಅವರು ಬಾಯಿಬಿಟ್ಟು ಒಪ್ಪಿರಲಿಲ್ಲ ಎಂದು ಮಾತ್ರ ಊಹಿಸುತ್ತೇನೆ.

"ಟಿಕೀಟಿನ್ಯಾಗ ಇದ್ದಷ್ಟ ದಿನಾರಿ," ಎಂದರು ಕೊನೆಗೆ. "ಉಳದದ್ದು ಆಕಿ ಹಣ್ಯಾಗ ಬರದಂಗ."

ಅದನ್ನೂ ಹಾಗೆಯೇ ಹೇಳಿದೆ. ಅಧಿಕಾರಿಯ ಮುಖ ಸಡಿಲಾಗಲಿಲ್ಲ. ಸಂಬಳ ಎಷ್ಟು ಕೊಡುತ್ತಾರೆ, ಯಾರು ಕೊಡುತ್ತಾರೆ, ಕೇಳಿ, ಎಂದರು. ಕೇಳಿದೆ.

ನೀಲಮ್ಮ ಅಲ್ಲಿಯವರೆಗೆ ತಲೆ ತಗ್ಗಿಸಿದ್ದವರು ಎತ್ತಿದರು. ಹೆದರಿಕೆ ಎಲ್ಲಿ ಹೋಯಿತೋ.

"ಏನಂದ್ರಿ? ಪಗಾರ? ಹಡದಾಕಿಗೆ ಪಗಾರ ಕೊಡ್ತಾರೇನ್ರೀ? ಈ ಬಾಯಾರ ಅವ್ವಗ ಇವ್ರು ಎಷ್ಟ ಕೊಟ್ಟಿದ್ರಂತ, ಕೇಳ್ರಿ!"

ಸೇರಿಸಬೇಡಿ ಎಂದಿದ್ದರು, ಬಿಡಬೇಡಿ ಎಂದೂ ಅದರ ಅರ್ಥವಲ್ಲವೇ. ಅಷ್ಟನ್ನೂ ಹೇಳಿದೆ, ನಿಮ್ಮ ತಾಯಿಗೆ ನೀವು ಎಷ್ಟು ಕೊಟ್ಟಿರಿ ಎಂದು ಕೇಳುತ್ತಿದ್ದಾರೆ ಎಂಬುದನ್ನೂ.

ಅಷ್ಟರಲ್ಲಿ ನೀಲಮ್ಮ ಎದ್ದುಬಿಟ್ಟಿದ್ದರು. ಮೇಜಿನ ಮೇಲಿದ್ದ ಹಳೆಯ ಸೀರೆಯನ್ನು ಕೊಡವಿ, ಉದ್ದಕ್ಕೆ ಮಡಚಿ, ತಮ್ಮ ಹೊಟ್ಟೆಗೇ ಸುತ್ತತೊಡಗಿದರು. ಹೆತ್ತವಳ ಹೊಟ್ಟೆ ಕಟ್ಟುವುದು ಹೀಗೆ. ಇಲ್ಲಿ ಹಿಡಿದು, ಇಲ್ಲಿ ಬಿಗಿದು. ಆಮೇಲೆ ಕಾಲು ಚಾಚಿ ಕುಳಿತಂತೆ ಮಾಡಿ ಕೂಸಿಗೆ ಎಣ್ಣೆ ತೀಡಿ ಎರೆಯುವುದನ್ನು ತೋರಿಸಿದರು. ಅಂಟಿನುಂಡೆಯನ್ನು ಎತ್ತಿ ಬೆನ್ನು ತಟ್ಟಿಕೊಂಡರು, ಇದು ನಡುವಿಗೆ ಒಳ್ಳೆಯದು ಎಂಬಂತೆ.

ಅಧಿಕಾರಿ ಪೆನ್ನು ಕೆಳಗಿಟ್ಟು, "ಪಂತಾಂಗ್?" ಎಂದರು.

ನನಗೆ ಆ ಪದ ಗೊತ್ತಿರಲಿಲ್ಲ. ನೀಲಮ್ಮನಿಗೂ. ಆದರೆ ಅಧಿಕಾರಿ ಕುಳಿತಲ್ಲೇ ತಮ್ಮ ಹೊಟ್ಟೆಯ ಸುತ್ತ ಬಟ್ಟೆ ಸುತ್ತುವಂತೆ ಕೈ ಆಡಿಸಿದರು. ನಾನು ಹೆತ್ತಾಗ ನಮ್ಮ ತಾಯಿ ಇದನ್ನೇ ಮಾಡಿದ್ದಳು, ನಲವತ್ತನಾಲ್ಕು ದಿನ, ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಕನ್ನಡದಲ್ಲಿ ಹೇಳಿದೆ.

"ಅಷ್ಟ ದಿನಾನ? ಮೂರ ತಿಂಗಳ ತುಂಬಸ್ಬೇಕಿತ್ತು," ಎಂದರು ನೀಲಮ್ಮ. "ಅದಕ್ಕ ನೋಡ್ರಿ ಬಾಯಾರು ಇಷ್ಟ ಬಡಕಲ ಅದಾರ."

ಇದನ್ನು ಅನುವಾದಿಸಬೇಕೇ ಎಂದು ಒಂದು ಗಳಿಗೆ ಯೋಚಿಸಿದೆ. ಅನುವಾದಿಸಿದೆ. ಅಧಿಕಾರಿ ನಕ್ಕರು.

ನಕ್ಕರೂ ನಿಯಮ ಬಿಡಲಿಲ್ಲ, ಅದನ್ನು ಮೆಚ್ಚುತ್ತೇನೆ. ಮಗಳ ಪಾಸ್‌ಪೋರ್ಟಿನ ಪ್ರತಿ ಕೇಳಿದರು. ಕೊನೆಯ ಪುಟದಲ್ಲಿ ತಾಯಿಯ ಹೆಸರಿದೆ, ನೀಲಮ್ಮ. ಅದನ್ನು ಟಿಕೆಟಿನ ನೀಲಮ್ಮ ನೀಲಮ್ಮನೊಂದಿಗೆ ಹೋಲಿಸಿ ನೋಡಿದರು. ಪುಡಿಗಳನ್ನು ಬೇರೆಯವರಿಗೆ ತೋರಿಸಿ ಮರಳಿ ಕೊಟ್ಟರು. ಅಳಿಯನಿಗೆ ಫೋನ್ ಹಚ್ಚಿಸಿದರು. ಅವನು ಹೊರಗೆ ಕಾಯುತ್ತಿರಬೇಕಾಗಿತ್ತು. ಆದರೆ ಆಸ್ಪತ್ರೆಯಲ್ಲಿದ್ದ. ಬೆಳಿಗ್ಗೆಯಿಂದ ರೇಣುಕಾಗೆ ನೋವು ಶುರುವಾಗಿತ್ತು.

ಅಧಿಕಾರಿ ಮುದ್ರೆ ಒತ್ತಿ, ಪಾಸ್‌ಪೋರ್ಟನ್ನು ನೀಲಮ್ಮನ ಕೈಗೇ ಕೊಟ್ಟು, ನನ್ನ ಕಡೆ ನೋಡಿದರು. ಮೂವತ್ತು ದಿನ, ಒಂದು ದಿನವೂ ಹೆಚ್ಚಲ್ಲ, ಹೇಳಿ ಎಂದರು. ನೀಲಮ್ಮ ಹುಟ್ಟದ ಕೂಸಿನ ಮೇಲೆ ಆಣೆ ಮಾಡಿದರು. ಹೊರಬಂದು, ಆಸ್ಪತ್ರೆಯ ವಿಳಾಸ ಹೇಳಿ ಅವರನ್ನು ಟ್ಯಾಕ್ಸಿ ಹತ್ತಿಸಿದಾಗ ಡಬ್ಬಿ ನನ್ನ ಕೈಯಲ್ಲೇ ಉಳಿದಿತ್ತು, ಕಿಟಕಿಯಿಂದ ಕೊಟ್ಟೆ. ಸಂಜೆಯ ಹೊತ್ತಿಗೆ ಅಳಿಯನ ಸಂದೇಶ ಬಂತು: ಹೆಣ್ಣು, ಇಬ್ಬರೂ ಕ್ಷೇಮ, ಅತ್ತೆ ಬಂದು ಒಂದು ಗಂಟೆಯಾದ ಮೇಲೆ ಹುಟ್ಟಿತು. ಅದನ್ನು ಪ್ರಭಾಕರರಿಗೆ ಓದಿ ಹೇಳಿದೆ. ಹೋಟೆಲಿನ ಎಲ್ಲರೆದುರು ಅತ್ತುಬಿಟ್ಟರು.

ನನ್ನ ನಿವೃತ್ತಿಯ ವಾರ ನೀಲಮ್ಮ ಕಚೇರಿಗೆ ಬಂದರು. ಟಿಕೆಟಿನಲ್ಲಿದ್ದ ದಿನವೇ ಮರಳಿದ್ದರು.

"ಇಬ್ಬರೂ ಬಂದ್ರಾ?" ಎಂದರು ಸಾಹೇಬರು. "ಹೆಂಗಿತ್ತಮ್ಮಾ ಮಲೇಷ್ಯಾ? ಏನೇನ್ ನೋಡಿದ್ರಿ?"

"ಬಚ್ಚಲಾ, ಅಡಗಿಮನಿ, ತೊಟ್ಲಾ," ಎಂದರು ನೀಲಮ್ಮ. "ಕಿಟಕ್ಯಾಗಿಂದ ಎರಡು ಭಾರಿ ಎತ್ತರದ ಗೋಪುರ ಕಾಣತಿದ್ವು. ಏನಂತ ಕೇಳಾಕ ಪುರಸೊತ್ತ ಆಗಲಿಲ್ಲ."

ಅಲ್ಲಿನ ದಾಖಲೆಯಲ್ಲಿ ನೀವು ಪ್ರವಾಸಿ ಕಣಮ್ಮಾ ಎಂದು ಸಾಹೇಬರು ನಕ್ಕರು. ನನಗೆ ನಗು ಬರಲಿಲ್ಲ. ಉಳಿದ ದಿನಗಳ ಬಗ್ಗೆ ಕೇಳದೇ ಇರಲಾಗಲಿಲ್ಲ. "ಈಗ ರೇಣುಕಾನ ಯಾರು ನೋಡ್ತಾರೆ ನೀಲಮ್ಮ?"

ಅವರು ಹೇಳಿದ್ದನ್ನು ಕೇಳಿದಂತೆಯೇ ಬರೆಯುತ್ತೇನೆ. ಹೊರಡಲು ಎರಡು ದಿನ ಇರುವಾಗ, ಅವರು ಆ ಹಳೆಯ ಸೀರೆಯನ್ನು ಮಡಚಿ ಹಿಡಿದು, ಎದುರು ಮನೆಯ ಬಾಗಿಲು ತಟ್ಟಿದರು. ಅಲ್ಲಿದ್ದವರು ಆ ದೇಶದ ವಯಸ್ಸಾದ ಹೆಂಗಸು. ಅಷ್ಟು ದಿನ ಮುಖ ನೋಡಿ ನಕ್ಕದ್ದು ಬಿಟ್ಟರೆ ಮಾತಿಲ್ಲ. ನೀಲಮ್ಮ ಸೀರೆಯನ್ನು ಮುಂದೆ ಹಿಡಿದು, ವಿಮಾನ ನಿಲ್ದಾಣದಲ್ಲಿ ಕಿವಿಗೆ ಬಿದ್ದ ಒಂದೇ ಪದವನ್ನು ಹೇಳಿದರು.

"ಪಂತಾಂಗ, ಅಂದೆ. ಅಷ್ಟರಿ. ಆಕಿ ಚಪ್ಪಲಿ ಸುದ್ದಾ ಮೆಟ್ಟಲಿಲ್ಲ, ಹಂಗ ಬಂದ್ಲು. ಈಗ ದಿನಾ ಬರ್ತಾಳಂತ. ಎರಿತಾಳ, ಹೊಟ್ಟಿ ಕಟ್ತಾಳ. ನಿನ್ನಿ ಫೋನಿನ್ಯಾಗ ಮಗಳು ತೋರಿಸಿದ್ಲು."

"ಸರಿಯಾಗಿ ಕಟ್ತಾರಾ?" ಎಂದೆ.

ನೀಲಮ್ಮ ಸೆರಗು ಸರಿಮಾಡಿಕೊಂಡರು. ಆಮೇಲೆ ಒಪ್ಪಲೋ ಬೇಡವೋ ಎಂಬಂತೆ ಹೇಳಿದರು:

"ನನಗಿಂತಾ ಬಿಗಿ ಕಟ್ತಾಳ್ರಿ."